ಫ್ರೀಜರ್‌ನ ಮಾಂಸವನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಬಹುದೇ?

ಬೇಡ ಎನ್ನುತ್ತೇವೆ ನಾವು. ಬೀಫ್ ಇರಲಿ, ಮಟನ್ ಇರಲಿ, ಸ್ಲೋ ಕುಕ್ಕರ್ ಬಿಸಿಯಾಗುವುದೇ ನಿಧಾನ. ಹೆಪ್ಪುಗಟ್ಟಿದ ಮಾಂಸ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ತುಂಬಾ ಹೊತ್ತು ಉಳಿಯುತ್ತದೆ. ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವುದು ಅಲ್ಲೇ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಆಮೇಲೆ ಕುದಿಸಿದರೂ ಹೋಗದು. ಹಿಂದಿನ ದಿನವೇ ಫ್ರಿಜ್‌ನ ಕೆಳಭಾಗಕ್ಕಿಟ್ಟು ಐಸ್ ಬಿಡಿಸಿ.

ಹಾವೇರಿ, ರಾಣೆಬೆನ್ನೂರಿನ ಮನೆಗಳಲ್ಲಿ ಇನ್ನೊಂದು ಚಿಂತೆ ಕರೆಂಟಿನದು. ಬೇಯುವಾಗ ಕರೆಂಟ್ ಹೋದರೆ ಕೂಡಲೇ ಬೇರೆ ಪಾತ್ರೆಗೆ ಸುರಿದು ಗ್ಯಾಸ್ ಮೇಲೆ ಬೇಯಿಸಿ. ನೀವು ಹೊರಗಿದ್ದಾಗ ಹೋಗಿತ್ತೇ? ಬೆಂದಂತೆ ಕಂಡರೂ ಎಸೆಯಿರಿ, ಹೊಟ್ಟೆ ಉರಿದರೂ ಸರಿ.

ಬಣ್ಣ ನೋಡಿ ನಂಬಬೇಡಿ. ಬ್ಯಾಡಗಿ ಮೆಣಸಿನಕಾಯಿ ಹಸಿ ಮಾಂಸದ ಸಾರನ್ನೂ ಕೆಂಪಾಗಿಸುತ್ತದೆ. ನೂಡಲ್ಸ್ ಮಾತ್ರ ಕೊನೆಗೆ ಹಾಕಿ, ಇಲ್ಲದಿದ್ದರೆ ಗಂಜಿಯಾಗುತ್ತದೆ.