ಮುರಿದ ಪಿಟೀಲಿನ ಹಾಡು

ಉರ್ನಾ ಚಾಹರ್-ತುಗ್ಚಿಯವರ ‘ಅಮಿಲಾಲ್’ (2004) ಧ್ವನಿಮುದ್ರಿಕೆಯನ್ನು ಕೇಳತೊಡಗಿದಾಗ ನನ್ನಲ್ಲಿ ಶಂಕೆಯೇ ಮಿಗಿಲಾಗಿತ್ತು. ಒಳಮಂಗೋಲಿಯದ ಓರ್ಡೋಸ್ ಹುಲ್ಲುಗಾವಲಿನಲ್ಲಿ, ಪಶುಪಾಲಕರ ಮನೆಯಲ್ಲಿ ಹುಟ್ಟಿದ ಈ ಗಾಯಕಿಗೆ ಹಂಗೆರಿಯ ಪಿಟೀಲೇಕೆ, ಇರಾನಿನ ತಾಳವಾದ್ಯವೇಕೆ? ಮಂಗೋಲರ ‘ದೀರ್ಘಗಾನ’ದಲ್ಲಿ ಒಂದೊಂದು ಅಕ್ಷರವೂ ಬಯಲಿನಂತೆ ಹರಡಿಕೊಳ್ಳುತ್ತದೆ; ತಾಳದ ಕಟ್ಟಿಗೆ ಅದು ಒಗ್ಗೀತೆ? ಒಗ್ಗಿದೆ, ಒಂದೆರಡು ಕಡೆ ತಾಳವೇ ಮುಂದಾಯಿತೆಂದು ನನಗೆ ತೋರಿದ್ದೂ ಉಂಟು.

2009ರ ‘ಚೆಂಗಿಸ್ ಖಾನನ ಎರಡು ಕುದುರೆಗಳು’ ಚಿತ್ರ ನೋಡಿದ ಮೇಲೆ ಶಂಕೆ ಕರಗಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಇವರ ಅಜ್ಜಿ ತಮ್ಮ ಕುದುರೆತಲೆಯ ಪಿಟೀಲನ್ನು ತಾವೇ ಮುರಿಯಬೇಕಾಯಿತು. ಉಳಿದುದು ತಲೆ, ಪ್ರಾಚೀನ ಗೀತೆಯೊಂದನ್ನು ಕೆತ್ತಿದ್ದ ಕೊರಳು. ಅಜ್ಜಿಗೆ ಕೊಟ್ಟ ಮಾತಿನಂತೆ, ಗೀತೆಯ ಮರೆತ ನುಡಿಗಳನ್ನರಸಿ ಉರ್ನಾ ಮಂಗೋಲಿಯವನ್ನು ಸುತ್ತುತ್ತಾರೆ, ಬಲ್ಲವರು ದುರ್ಲಭ. ಅತ್ತ ಉಲಾನ್ ಬಾತರಿನಲ್ಲಿ ವಾದ್ಯಶಿಲ್ಪಿಯೊಬ್ಬರು ಆ ಹಳೆಯ ಕೊರಳಿಗೆ ಹೊಸ ಒಡಲನ್ನು ಕೂಡಿಸುತ್ತಿದ್ದಾರೆ.