ಚೆಂಡು ಉಜ್ಜಿದ್ದಕ್ಕೆ ಎಷ್ಟು ಶಿಕ್ಷೆ?

2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್ ಸ್ಯಾಂಡ್‌ಪೇಪರ್‌ನಿಂದ ಚೆಂಡು ಉಜ್ಜಿ ಕ್ಯಾಮೆರಾಗೆ ಸಿಕ್ಕಿಬಿದ್ದರು. ನಾಯಕ ಸ್ಮಿತ್‌ಗೆ ಐಸಿಸಿ ಒಂದೇ ಪಂದ್ಯದ ನಿಷೇಧ ಹಾಕಿತು. ಅವರದೇ ದೇಶದ ಮಂಡಳಿ ಅವರನ್ನೂ ಉಪನಾಯಕ ವಾರ್ನರ್‌ರನ್ನೂ 12 ತಿಂಗಳು ಹೊರಗಿಟ್ಟಿತು. ಸ್ಮಿತ್ ಅತ್ತದ್ದನ್ನು ಟಿವಿಯಲ್ಲಿ ಕಂಡ ಅಭಿಮಾನಿಗಳು ಇದು ಅತಿಯಾಯ್ತು ಅಂದರು. ತಳ್ಳಿಹಾಕುವ ಮಾತಲ್ಲ. 2004ರಲ್ಲಿ ನಮ್ಮ ದ್ರಾವಿಡ್ ಚೆಂಡಿಗೆ ಕೆಮ್ಮಿನ ಮಾತ್ರೆ ಉಜ್ಜಿದ್ದಕ್ಕೆ ಪಂದ್ಯದ ಅರ್ಧ ಸಂಭಾವನೆ ಹೋಯಿತು, ಅಷ್ಟೆ.

ಆದರೆ ಕೇಪ್‌ಟೌನ್‌ನದು ಮೊದಲೇ ಮಾತಾಡಿಕೊಂಡದ್ದು. ಬ್ಯಾಂಕ್ರಾಫ್ಟ್ ಅದನ್ನು ಪ್ಯಾಂಟಿನೊಳಗೆ ಅಡಗಿಸಿ ಅಂಪೈರ್‌ಗೆ ಬೇರೆ ಬಟ್ಟೆ ತೋರಿಸಿದರು. ಉಜ್ಜಿದ್ದಕ್ಕಿಂತ ಈ ಸುಳ್ಳೇ ದೊಡ್ಡದು ಅಂತ ನಮಗೆ ಕಾಣ್ತದೆ. ವರ್ಷದ ಶಿಕ್ಷೆ ಸರಿಯೇ.

ನಮಗೆ ಒಪ್ಪಿಗೆಯಾಗದ್ದು ಬೇರೆ. ಸ್ಮಿತ್ 2021ರಲ್ಲೇ ಉಪನಾಯಕರಾದರು. ವಾರ್ನರ್ ಮೇಲಿನ ನಾಯಕತ್ವದ ನಿಷೇಧ ತೆಗೆದದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಅವರು ದೇಶದ ಪರ ಆಡುವುದನ್ನೇ ಬಿಟ್ಟಾಗಿತ್ತು.