ಇಕೆಜಾದಲ್ಲಿ ಮನೆ ಕೊಳ್ಳುವ ಮುನ್ನ

ನೈಜೀರಿಯಾದ ಲಾಗೋಸ್ ರಾಜ್ಯದ ರಾಜಧಾನಿ ಇಕೆಜಾದಲ್ಲಿ ನಿವೇಶನ ಕೊಂಡವರಿಗೆ ಸಿಗುವುದು ದೀರ್ಘಾವಧಿಯ ಅನುಭೋಗದ ಹಕ್ಕು. 1978ರ ಭೂಬಳಕೆ ಕಾಯ್ದೆ ಪ್ರತಿ ರಾಜ್ಯದ ಜಮೀನನ್ನೂ ಜನರ ಪರವಾಗಿ ಅಲ್ಲಿನ ಗವರ್ನರ್ ಕೈಗೆ ಒಪ್ಪಿಸಿದೆ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಮತದಾರರು ನೇರವಾಗಿ ಆರಿಸಿದ ಆಡಳಿತಗಾರರು. ಸರ್ಕಾರ ಕೊಡುವ ಹಕ್ಕುಪತ್ರವನ್ನು ಜನ ‘ಸಿ ಆಫ್ ಓ’ ಎನ್ನುತ್ತಾರೆ. ಅದರ ಅವಧಿ ಸಾಮಾನ್ಯವಾಗಿ 99 ವರ್ಷ.

ಮಾರುವವರು ತೋರಿಸುವ ಪ್ರತಿಯನ್ನಷ್ಟೇ ನೋಡಿ ಹಣ ಕೊಡಬಾರದು. ಇಕೆಜಾದ ಅಲೌಸಾದಲ್ಲಿರುವ ಭೂ ನೋಂದಣಿ ಕಚೇರಿಯಲ್ಲಿ ವಕೀಲರ ಮೂಲಕ ಶೋಧ ಮಾಡಿಸಿದರೆ ಹಕ್ಕು ಯಾರ ಹೆಸರಿನಲ್ಲಿದೆ, ಅಡಮಾನವಿದೆಯೇ ಎಂಬುದು ತಿಳಿಯುತ್ತದೆ. ಸರ್ವೆ ನಕ್ಷೆಯನ್ನು ಸರ್ವೇಯರ್ ಜನರಲ್ ಕಚೇರಿಯಲ್ಲಿ ಪ್ರತ್ಯೇಕವಾಗಿ ತಾಳೆ ನೋಡಿಸಬೇಕು. ಸರ್ಕಾರ ಸ್ವಾಧೀನಕ್ಕೆ ಗುರುತಿಸಿಟ್ಟ ಜಾಗವನ್ನೂ ಮಾರುವವರಿದ್ದಾರೆ; ಅಂಥ ಜಾಗದಲ್ಲಿ ಕಟ್ಟಿದ ಮನೆ ಉಳಿಯುವ ಭರವಸೆಯಿಲ್ಲ. ಕಟ್ಟಿದ ಮನೆಯಾದರೆ ನಿರ್ಮಾಣ ಪರವಾನಗಿಯನ್ನೂ ಕೇಳಬೇಕು.

ಹೆಚ್ಚು ತೊಡಕಿರುವುದು ಕುಟುಂಬದ ಜಮೀನಿನಲ್ಲಿ. ಅಲ್ಲಿನ ಯೊರುಬಾ ಸಮುದಾಯದ ಮನೆತನಗಳ ಆಸ್ತಿ ಇಡೀ ವಂಶಕ್ಕೆ ಸೇರಿದ್ದು. ಕುಟುಂಬದ ಯಜಮಾನನನ್ನು ಬಿಟ್ಟು ಬೇರೊಬ್ಬ ಸದಸ್ಯ ಮಾರಿದರೆ ಆ ಮಾರಾಟ ಅಸಿಂಧು. ಯಜಮಾನ ಮಾರಿದರೂ ಪ್ರಮುಖ ಸದಸ್ಯರ ಒಪ್ಪಿಗೆ ಇಲ್ಲದಿದ್ದರೆ ಅವರು ಅದನ್ನು ನ್ಯಾಯಾಲಯದಲ್ಲಿ ರದ್ದು ಮಾಡಿಸಬಹುದು. ಆದ್ದರಿಂದ ಎಲ್ಲ ಕವಲುಗಳ ಹಿರಿಯರ ಸಹಿ ಇರಲೇಬೇಕು. ಭೂಮಾಲೀಕರ ಮಕ್ಕಳೆಂದು ಹೇಳಿಕೊಂಡು ಅಡಿಪಾಯಕ್ಕಿಷ್ಟು, ಚಾವಣಿಗಿಷ್ಟು ಎಂದು ಬೆದರಿಸಿ ವಸೂಲಿ ಮಾಡುವ ‘ಓಮೊ ಓನಿಲೆ’ಗಳ ಕಾಟ ಬೇರೆ. ಇದು ಹಗಲು ದರೋಡೆಯೇ ಸರಿ. ಇದನ್ನು ತಡೆಯಲು ಲಾಗೋಸ್ ಸರ್ಕಾರ 2016ರಲ್ಲಿ ಆಸ್ತಿ ರಕ್ಷಣಾ ಕಾನೂನು ತಂದಿತು.

ಮಾಲೀಕರು ಊರಲ್ಲಿಲ್ಲದಾಗ ಅವರ ಮನೆಯನ್ನು ಬೇರೆಯವರು ಮಾರಿಬಿಡುವ ವಂಚನೆ ಎಷ್ಟು ಸಾಮಾನ್ಯವೆಂದರೆ, ‘ಈ ಮನೆ ಮಾರಾಟಕ್ಕಿಲ್ಲ’ ಎಂಬ ಬರಹ ಅಲ್ಲಿನ ಗೋಡೆಗಳ ಮೇಲೆ ಢಾಳಾಗಿ ಕಾಣುತ್ತದೆ. ಮಾರುವವರ ಗುರುತನ್ನು ದಾಖಲೆಯೊಂದಿಗೆ ಹೋಲಿಸಿ, ಅಕ್ಕಪಕ್ಕದವರನ್ನೂ ವಿಚಾರಿಸುವುದು ಅಗತ್ಯ.

ಕ್ರಯಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯದು. ಭೂಬಳಕೆ ಕಾಯ್ದೆಯ 22ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆಗೆ ಗವರ್ನರ್ ಒಪ್ಪಿಗೆ ಬೇಕು. ಕಾಯ್ದೆ ಮೀರಿದ ವರ್ಗಾವಣೆ ಅಸಿಂಧು ಎನ್ನುತ್ತದೆ 26ನೇ ಕಲಮು. ನೈಜೀರಿಯಾದ ಸರ್ವೋಚ್ಚ ನ್ಯಾಯಾಲಯವೂ 1989ರಲ್ಲಿ ಸವಾನಾ ಬ್ಯಾಂಕ್ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದ ಅಡಮಾನವನ್ನು ತಳ್ಳಿಹಾಕಿತು. ಒಪ್ಪಿಗೆಯ ಶುಲ್ಕವನ್ನು ಯಾರು ಕಟ್ಟಬೇಕೆಂಬುದು ಮೊದಲೇ ಕರಾರಿನಲ್ಲಿರಲಿ. ಕೊಳ್ಳುವವರ ವಕೀಲರು ಮಾರುವವರ ಕಡೆಯವರಾಗಿರಬಾರದು. ಶೋಧದ ವರದಿ ಕೈಸೇರುವವರೆಗೆ ಮುಂಗಡವನ್ನೂ ಕೊಡಬಾರದು.